ಕಳ್ಳರಿಗೆ ಹೆದರಿಕೊಂಡು ಇಟಲಿಗೆ ಹೋದದ್ದು

ನಮ್ಮನೆಯವರು ಜೋಪಾನ ಮಾಡಿದಷ್ಟೂ ಏನಾದರೊಂದು ಕಳೆಯುತ್ತಲೇ ಇತ್ತು. ಒಮ್ಮೆ ಸೈಕಲ್ಲಿಗೆ ಎರಡು ಬೀಗ ಹಾಕಿ, ಎರಡರ ಬೀಗದ ಕೈಯನ್ನೂ ಕಳೆದುಕೊಂಡು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಲಾಲ್‌ಬಾಗಿನಿಂದ ಜಯನಗರದ ಮೂರನೇ ಬ್ಲಾಕಿನವರೆಗೆ ನಡೆದು ಬಂದರು. ದಾರಿಯಲ್ಲಿ ಪೊಲೀಸಿನವನು ಸೈಕಲ್ ಕಳ್ಳ ಎಂದು ಹಿಡಿದು ನಿಲ್ಲಿಸಿದ್ದನಂತೆ.

ಅವರು ಒಂದು ದೊಡ್ಡ ಕಾರ್ಖಾನೆಯಲ್ಲಿ ಫೋರ್‌ಮನ್. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೊಸ ಯಂತ್ರಗಳ ಕೆಲಸ ಕಲಿತು ಬರಲಿ ಎಂದು ಕಾರ್ಖಾನೆಯವರು ಅವರನ್ನು ಒಂದು ವರ್ಷದ ಮಟ್ಟಿಗೆ ಇಟಲಿಯ ಮಿಲಾನಿಗೆ ಕಳಿಸಿದರು. ಹೆಂಡತಿಯನ್ನೂ ಕರೆದುಕೊಂಡು ಹೋಗಬಹುದು ಎಂದರು. ನಮಗೆ ಮಕ್ಕಳಿರಲಿಲ್ಲ. ಅತ್ತೆಯ ಜೊತೆಗಿರಲು ನಾದಿನಿಯ ಸಂಸಾರ ನಮ್ಮ ಮನೆಗೇ ಬಂದಿತು.

ಹೋಗುವಾಗ ಇಬ್ಬರು ಹೋದೆವು. ಬರುವಾಗ ನಾನೊಬ್ಬಳೇ ಬಂದೆ. ಆ ನಡುವೆ ನಗು ಬರುವಂಥದ್ದು ಬೇಕಾದಷ್ಟು ನಡೆಯಿತು. ಅದನ್ನು ಹೇಳಲು ಕೂತರೆ ಇದೂ ಜೊತೆಗೇ ಬರುತ್ತದೆ, ಏನು ಮಾಡಲಿ.

ಬಸ್ಸಿನಲ್ಲಿ ತಾಲೀಮು

ಹೊರಡುವ ಮುಂಚೆ, ವಿದೇಶ ನೋಡಿ ಬಂದಿದ್ದ ಸಹೋದ್ಯೋಗಿಯೊಬ್ಬರು ಮನೆಗೆ ಬಂದು ಕಾಫಿ ಕುಡಿದು ಹೆದರಿಸಿ ಹೋದರು. "ಅಲ್ಲಿಯವರು ಮಾತಾಡಿಸ್ತಾ ಮಾತಾಡಿಸ್ತಾ ಜೇಬಿಗೆ ಕೈ ಹಾಕ್ತಾರೆ ಸಾರ್. ಮನೆಗೆ ಹೋದ ಮೇಲೇ ನಿಮಗೆ ಗೊತ್ತಾಗೋದು."

ಅಂದಿನಿಂದ ನಮ್ಮನೆಯವರಿಗೆ ಅದೇ ಯೋಚನೆ. ಭಾನುವಾರ ಬೆಳಿಗ್ಗೆ ನನ್ನನ್ನು ಹೊರಡಿಸಿದರು.

"ಮಾರ್ಕೆಟ್ ಬಸ್ಸಿನಲ್ಲಿ ನಾನು ಜನರ ಮಧ್ಯೆ ನಿಂತಿರ್ತೀನಿ. ನೀನು ಹಿಂದಿನಿಂದ ನನ್ನ ಜೇಬಿಗೆ ಕೈ ಹಾಕು. ನಂಗೆ ಗೊತ್ತಾಗುತ್ತೋ ಇಲ್ವೋ ನೋಡೋಣ."

"ರೀ, ಯಾರಾದ್ರೂ ನೋಡಿದ್ರೆ?"

"ಗಂಡನ ಜೇಬಿಗೆ ಕೈ ಹಾಕೋಕೆ ಯಾರ ಅಪ್ಪಣೆ ಬೇಕು?"

ಬನಶಂಕರಿ ಕಡೆಯಿಂದ ಬಂದ ಬಸ್ಸು ತುಂಬಿ ತುಳುಕುತ್ತಿತ್ತು. ಅವರೆಕಾಯಿ ಕುಕ್ಕೆಗಳು, ಸೊಪ್ಪಿನ ಕಟ್ಟುಗಳು, ಅವುಗಳ ಮಧ್ಯೆ ಕಾಲಿಡಲು ಜಾಗ ಹುಡುಕುವ ಜನ. ನಾನು ಹೇಗೋ ಅವರ ಹಿಂದೆ ಹೋಗಿ ನಿಂತೆ. ತಿರುವಿನಲ್ಲಿ ಬಸ್ಸು ವಾಲಿದಾಗ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಅದೇ ಸಮಯವೆಂದು ಕೈ ಹಾಕಿದೆ. ಮೆತ್ತಗಿದ್ದದ್ದೇನೋ ಸಿಕ್ಕಿತು. ಎಳೆದುಕೊಂಡು ಸೆರಗಿನೊಳಗೆ ಇಟ್ಟೆ. ಅವರಿಗೆ ಗೊತ್ತೇ ಆಗಲಿಲ್ಲ.

ಮಾರ್ಕೆಟ್ಟಿನಲ್ಲಿ ಇಳಿದೊಡನೆ ಹೆಮ್ಮೆಯಿಂದ ಕೈ ಮುಂದೆ ಹಿಡಿದೆ. "ಹೇಗೆ?"

ಅವರು ಜೇಬು ಮುಟ್ಟಿ ನೋಡಿಕೊಂಡರು. ಪರ್ಸು ಇದ್ದಲ್ಲೇ ಇತ್ತು. ನನ್ನ ಕೈಯಲ್ಲಿದ್ದದ್ದು ಎಲೆಅಡಿಕೆಯ ಬಟ್ಟೆ ಚೀಲ. ನಾಲ್ಕು ಹೆಜ್ಜೆ ಆಚೆ, ಕತ್ರಿಗುಪ್ಪೆಯ ಕಡೆಯ ರೈತರೊಬ್ಬರು ಅವರೆಕಾಯಿ ಕುಕ್ಕೆ ಇಳಿಸಿ ಮೈಯೆಲ್ಲಾ ತಡಕಿಕೊಳ್ಳುತ್ತಿದ್ದರು.

ಮರ್ಯಾದಸ್ಥರ ಮನೆಯ ಸೊಸೆ, ಹಾಡಹಗಲಲ್ಲಿ ಪಿಕ್‌ಪಾಕೆಟ್ ಮಾಡಿದ್ದೆ. ನಮ್ಮನೆಯವರೇ ಹೋಗಿ ಕೈಮುಗಿದು, ತಾಲೀಮಿನ ವಿಷಯವನ್ನೆಲ್ಲ ವಿವರಿಸಿ ಚೀಲ ಕೊಟ್ಟರು. ಆ ಹಿರಿಯರು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

"ಇದ್ರಾಗೆ ಎಲೆ ಅಡಿಕೆ ಬಿಟ್ರೆ ಏನೂ ಇಲ್ಲ ಕಣವ್ವಾ. ಕೇಳಿದ್ರೆ ನಾನೇ ಕೊಡ್ತಿದ್ನಲ್ಲ!" ಎಂದು ಅಲ್ಲೇ ಎರಡು ಎಲೆಗೆ ಸುಣ್ಣ ಸವರಿ ಇಬ್ಬರಿಗೂ ಕೊಟ್ಟರು.

ನಮ್ಮನೆಯವರು ದಾರಿಯುದ್ದಕ್ಕೂ ಎಲೆ ಜಗಿಯುತ್ತಾ ಯೋಚಿಸುತ್ತಿದ್ದರು. ಮನೆ ಹತ್ತಿರ ಬಂದಾಗ ಹೇಳಿದರು: "ನಿನ್ನ ಕೈ ಚುರುಕಾಗಿದೆ. ಆ ಊರಲ್ಲಿ ನಂಗೇನಾದ್ರೂ ಆದ್ರೂ ನಿನ್ನ ಹೊಟ್ಟೆಪಾಡಿಗೆ ಯೋಚನೆ ಇಲ್ಲ."

ನಾನು ಬಿದ್ದು ಬಿದ್ದು ನಕ್ಕೆ. ಆಗ ನಗಬಹುದಾಗಿತ್ತು.

ಒಂಟೆ ಚರ್ಮದ ಪೆಟ್ಟಿಗೆ

ಬೊಂಬಾಯಿಯಲ್ಲಿ ಹಡಗು ಹತ್ತಿದೆವು. ಈಜಿಪ್ಟಿನ ಪೋರ್ಟ್ ಸೈದಿನಲ್ಲಿ ಹಡಗು ನಿಂತಾಗ ಸಣ್ಣ ಸಣ್ಣ ದೋಣಿಗಳಲ್ಲಿ ವ್ಯಾಪಾರಿಗಳು ಬಂದು ಮುತ್ತಿಕೊಂಡರು. ಅವರು ಹಗ್ಗ ಎಸೆಯಬೇಕು, ನಾವು ಹಿಡಿಯಬೇಕು. ಬುಟ್ಟಿಯಲ್ಲಿ ಸಾಮಾನು ಮೇಲೆ ಬರುತ್ತದೆ, ಕಾಸು ಕೆಳಗೆ ಹೋಗುತ್ತದೆ.

ಒಬ್ಬ ಕಂದು ಬಣ್ಣದ ದೊಡ್ಡ ಪೆಟ್ಟಿಗೆಯ ಮೇಲೆ ನಿಂತು ಕುಣಿಯುತ್ತಾ ಕೂಗಿದ. ಒಂಟೆಯ ಚರ್ಮವಂತೆ. ಚಾಕು ಹಾಕಿದರೂ ಹರಿಯುವುದಿಲ್ಲವಂತೆ. ಹಿತ್ತಾಳೆಯ ಬೀಗ ಬೇರೆ. ನಮ್ಮನೆಯವರ ಕಣ್ಣು ಆ ಬೀಗದ ಮೇಲೆ ನೆಟ್ಟಿತು.

ಆದರೆ ಅವರೇನು ದಡ್ಡರೇ? "ಮೊದಲು ಪೆಟ್ಟಿಗೆ, ಆಮೇಲೆ ಕಾಸು" ಎಂದು ಹಟ ಹಿಡಿದರು. ಪೆಟ್ಟಿಗೆ ಮೇಲೆ ಬಂತು. ತಟ್ಟಿ ನೋಡಿದರು, ಮೂಸಿ ನೋಡಿದರು, ಬೀಗವನ್ನು ಹತ್ತು ಸಲ ಹಾಕಿ ತೆಗೆದರು. ಕೆಳಗೆ ದೋಣಿಯವನು ಎದೆ ಬಡಿದುಕೊಳ್ಳುತ್ತಿದ್ದ. ಕೊನೆಗೆ ಕಾಸು ಇಳಿಸಿ, "ನೋಡಿದ್ಯಾ? ವ್ಯವಹಾರ ಅಂದ್ರೆ ಹೀಗಿರ್ಬೇಕು" ಎಂದರು. ಒಳ್ಳೆಯ ಬಟ್ಟೆಗಳನ್ನೆಲ್ಲ ಹಳೆಯ ಟ್ರಂಕಿನಿಂದ ಅದಕ್ಕೆ ತುಂಬಿಸಿದರು. ಜೊತೆಗೆ ಅತ್ತೆ ಕಟ್ಟಿಕೊಟ್ಟಿದ್ದ ಹುಳಿಪುಡಿ, ಹಪ್ಪಳ.

ಜಿನೋವಾ ಬಂದರಿನಲ್ಲಿ ಇಳಿದಾಗ ಸೋನೆ ಮಳೆ. ರೈಲ್ವೆ ಸ್ಟೇಷನ್ನಿಗೆ ನಡೆಯುತ್ತಿದ್ದೆವು. ಪೆಟ್ಟಿಗೆ ಮೊದಲು ಭಾರವಾಯಿತು, ಆಮೇಲೆ ಮೆತ್ತಗಾಯಿತು, ಆಮೇಲೆ ಅದರಿಂದ ಕಂದು ಬಣ್ಣದ ನೀರು ಇಳಿಯತೊಡಗಿತು. ಒಂಟೆ ಚರ್ಮವೆಂದರೆ ಬಣ್ಣ ಬಳಿದ ರಟ್ಟು. ರಸ್ತೆಯ ಮಧ್ಯದಲ್ಲಿ ತಳ ಕಳಚಿಕೊಂಡು ನನ್ನ ಧಾರೆ ಸೀರೆ, ಅವರ ಪಂಚೆ, ಹಪ್ಪಳ ಎಲ್ಲವೂ ನೀರಿಗೆ ಬಿದ್ದವು. ದಾರಿಹೋಕರು ಓಡಿಬಂದು ಒಂದೊಂದೇ ಎತ್ತಿ ಕೊಟ್ಟರು. ಒಬ್ಬಾಕೆ ಹಪ್ಪಳವನ್ನು ಏನೆಂದುಕೊಂಡರೋ, ಕರವಸ್ತ್ರದಿಂದ ಒರೆಸಿ ಒರೆಸಿ ಕೊಡುತ್ತಿದ್ದರು.

ನಮ್ಮನೆಯವರು ಮಾತ್ರ ಹಿಡಿಕೆಯನ್ನೂ ಅದಕ್ಕೆ ಅಂಟಿಕೊಂಡಿದ್ದ ಒಂದು ಚೂರು ರಟ್ಟನ್ನೂ ಹಿಡಿದು ನಿಂತಿದ್ದರು.

"ಬೀಗ ನೋಡು," ಎಂದರು ಕೊನೆಗೆ, "ಒಂಚೂರೂ ಅಲ್ಲಾಡಿಲ್ಲ."

ಅಟ್ಟಿಸಿಕೊಂಡು ಬಂದವರು

ಮಿಲಾನಿನಲ್ಲಿ ನಮಗಿದ್ದ ಕಾನೂನು ಇಷ್ಟು: ಅಪರಿಚಿತರು ನಕ್ಕರೆ ನಗಬಾರದು, ಕರೆದರೆ ತಿರುಗಬಾರದು, ಹತ್ತಿರ ಬಂದರೆ ನಿಲ್ಲಬಾರದು. ಮುಖ್ಯವಾದ ಕಾಗದಪತ್ರಗಳನ್ನೆಲ್ಲ ಒಂದು ಚರ್ಮದ ಚೀಲದಲ್ಲಿ ಹಾಕಿ ಅವರು ಕೊರಳಿಗೆ ನೇತುಹಾಕಿಕೊಂಡಿರುತ್ತಿದ್ದರು. ಸ್ನಾನದ ಮನೆಗೂ ಅದರ ಸಮೇತವೇ.

ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬ ಮುದುಕರು ತಳ್ಳುಗಾಡಿಯಲ್ಲಿ ಕೆಂಡದ ಮೇಲೆ ಚೆಸ್ಟ್‌ನಟ್ ಎಂಬ ಕಾಯಿ ಹುರಿದು ಮಾರುತ್ತಿದ್ದರು. ಥೇಟ್ ಸುಟ್ಟ ಹಲಸಿನ ಬೀಜದ ರುಚಿ. ಒಂದು ಮಧ್ಯಾಹ್ನ ಕೊಂಡುಕೊಂಡು ಹೊರಟೆವು. ಹತ್ತು ಹೆಜ್ಜೆ ಹೋಗಿಲ್ಲ, ಹಿಂದಿನಿಂದ ಕೂಗು: "ಸಿಞೋರೆ! ಸಿಞೋರೆ!" ನಮ್ಮಲ್ಲಿ ಸ್ವಾಮೀ, ಸ್ವಾಮೀ ಎಂದಂತೆ.

"ತಿರುಗಿ ನೋಡ್ಬೇಡ. ಬೇಗ ನಡಿ."

ಕೂಗು ಹತ್ತಿರವಾಯಿತು. "ಓಡು" ಎಂದರು. ಸೀರೆ, ಅದರ ಮೇಲೆ ಗಂಡಸರ ಓವರ್‌ಕೋಟು, ಕಾಲಿಗೆ ಎರಡು ಜೊತೆ ಕಾಲುಚೀಲ. ಹೇಗೆ ಓಡಿದೆನೋ ದೇವರೇ ಬಲ್ಲ. ಟ್ರಾಮ್ ಹೊರಡುತ್ತಿತ್ತು. ಹತ್ತಿಬಿಟ್ಟೆವು. ಕಿಟಕಿಯಲ್ಲಿ ನೋಡಿದರೆ ಆ ಮುದುಕರು ಇನ್ನೂ ಓಡಿ ಬರುತ್ತಿದ್ದಾರೆ.

"ಎಂಥಾ ಛಲ ನೋಡು ಈ ಕಳ್ಳರಿಗೆ!" ಎಂದರು ನಮ್ಮನೆಯವರು, ಏದುಸಿರಿನ ಮಧ್ಯೆ.

ಎರಡನೇ ನಿಲ್ದಾಣದಲ್ಲಿ ಟ್ರಾಮ್ ತಡವಾಗಿ ಹೊರಟಿತು. ಅಷ್ಟರಲ್ಲಿ ಮುದುಕರು ಬಂದು ಬಾಗಿಲು ಹಿಡಿದುಕೊಂಡರು. ಮಾತು ಹೊರಡುತ್ತಿಲ್ಲ. ಕೈ ಮಾತ್ರ ಮುಂದೆ ಚಾಚಿದರು. ಕೈಯಲ್ಲಿ ನಮ್ಮನೆಯವರ ಚರ್ಮದ ಚೀಲ. ಪಾಸ್‌ಪೋರ್ಟು, ಕಾಗದಪತ್ರ, ಎಲ್ಲ ಅದರಲ್ಲೇ. ಬಿಸಿ ಕಾಯಿ ತೆಗೆದುಕೊಳ್ಳುವಾಗ ಕೆಂಡಕ್ಕೆ ತಾಗಬಾರದೆಂದು ಕೊರಳಿನಿಂದ ತೆಗೆದು ಗಾಡಿಯ ಮೇಲೆ ಜೋಪಾನವಾಗಿ ಇಟ್ಟಿದ್ದರಂತೆ.

ನಮ್ಮನೆಯವರ ಮುಖ ಸಣ್ಣದಾಯಿತು. ಕೆಳಗಿಳಿದು, ಅವರ ಬೆನ್ನು ಸವರುತ್ತಾ, "ಕೂತ್ಕೊಳಿ ಯಜಮಾನ್ರೇ, ಕೂತ್ಕೊಂಡು ಸುಧಾರಿಸ್ಕೊಳಿ" ಎಂದು ಅಚ್ಚ ಕನ್ನಡದಲ್ಲಿ ಬೇಡಿಕೊಂಡರು. ಮೂವರೂ ನಿಧಾನವಾಗಿ ನಡೆದು ಬೀದಿಯ ಮೂಲೆಗೆ ಬಂದರೆ, ಗಾಡಿಯಲ್ಲಿ ಕೆಂಡವಿದೆ, ಕಾಯಿ ಒಂದೂ ಇಲ್ಲ. ಯಾರೋ ಬಳಿದುಕೊಂಡು ಹೋಗಿದ್ದರು.

ಇಟಲಿಯಲ್ಲಿ ನಾವು ಕಂಡ ಮೊದಲ ಕಳ್ಳತನ ಅದು. ನಮ್ಮಿಂದಲೇ ಆದದ್ದು. ಅದರ ಮುಂದಿನ ಭಾನುವಾರದಿಂದ ನಮ್ಮನೆಯವರು ತಪ್ಪದೆ ಆ ಗಾಡಿಯ ಪಕ್ಕ ಒಂದು ಡಬ್ಬದ ಮೇಲೆ ಕೂತು ಕಾವಲು ಕಾಯತೊಡಗಿದರು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು. ಆದರೂ ಏನೇನೋ ಮಾತಾಡಿಕೊಳ್ಳುತ್ತಿದ್ದರು. ಒಂದೇ ತೊಂದರೆ ಎಂದರೆ ಕೋಟಿನ ಕಾಲರ್ ಎತ್ತಿಕೊಂಡು ಗಿರಾಕಿಗಳನ್ನು ಇವರು ನೋಡುತ್ತಿದ್ದ ರೀತಿಗೆ ಅರ್ಧ ಜನ ಕೊಳ್ಳದೆಯೇ ಹೋಗುತ್ತಿದ್ದರು.

ಇಸ್ತ್ರಿ ಮಾಡಿದ ಜನಿವಾರ

ಮಾಗಿಯ ಕೊನೆಯಲ್ಲಿ ಅವರಿಗೆ ಕೆಮ್ಮು ಹತ್ತಿತು. ಆ ಚಳಿಯಲ್ಲಿ ಗಾಡಿಯ ಪಕ್ಕ ಕೂರಬೇಡಿ ಎಂದರೆ, "ಅವರು ನನ್ನ ಹಿಂದೆ ಓಡಿಲ್ವಾ?" ಎನ್ನುತ್ತಿದ್ದರು. ಕೆಮ್ಮು ಜ್ವರವಾಯಿತು, ಜ್ವರ ಎದೆಗಿಳಿಯಿತು. ಆಸ್ಪತ್ರೆಗೆ ಸೇರಿಸಿದರು. ಬಿಳಿ ಬಟ್ಟೆಯ ಸನ್ಯಾಸಿನಿಯರೇ ಅಲ್ಲಿ ನರ್ಸುಗಳು.

ಎರಡನೇ ದಿನ ನಾನು ಹೋದಾಗ ಅವರು ಹಾಸಿಗೆಯಲ್ಲಿ ಎದ್ದು ಕೂತು ಕಾಯುತ್ತಿದ್ದರು.

"ಬಾಗಿಲು ಹಾಕು. ಕಳ್ಳತನ ಆಗಿದೆ."

"ಏನು ಹೋಯ್ತು ರೀ?"

"ಜನಿವಾರ." ದನಿ ಇಳಿಸಿದರು. "ಎದೆ ಫೋಟೋ ತೆಗೀಬೇಕು ಅಂತ ಕರ್ಕೊಂಡು ಹೋದ್ರು. ವಾಪಸ್ ಬಂದು ನೋಡ್ಕೊಂಡ್ರೆ ಇಲ್ಲ. ಅದನ್ನ ತಗೊಂಡು ಏನ್ ಮಾಡ್ತಾರೆ ಹೇಳು? ಯಾವ ಅಂಗಡೀಲಿ ಮಾರ್ತಾರೆ?"

ಅಷ್ಟು ಹೊತ್ತಿಗೆ ವಯಸ್ಸಾದ ನರ್ಸೊಬ್ಬರು ಒಂದು ಲಕೋಟೆ ತಂದು ಎರಡೂ ಕೈಯಲ್ಲಿ ಅವರಿಗೆ ಕೊಟ್ಟರು. ಒಳಗೆ ಜನಿವಾರ. ಸೋಪು ಹಾಕಿ ಒಗೆದು, ಗಂಜಿ ಹಾಕಿ, ರಿಬ್ಬನ್ನಿನಂತೆ ಚಪ್ಪಟೆಯಾಗಿ ಇಸ್ತ್ರಿ ಮಾಡಿ, ಮಡಿಸಿ ಇಟ್ಟಿದ್ದರು.

ನಮ್ಮನೆಯವರು ಅದನ್ನು ಹಿಡಿದು ಬೆಳಕಿಗೆ ನೋಡಿದರು. ನಗು ಬಂತು. ನಗುವಿನ ಹಿಂದೆಯೇ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ಇಷ್ಟು ಮಡಿಯಾಗಿ ನಮ್ಮ ಪುರೋಹಿತರೂ ಯಾವತ್ತೂ ಕೊಟ್ಟಿಲ್ಲ ಕಣೇ" ಎಂದರು. ನಾನೇ ಹಾಕಿದೆ. ಗಂಜಿಗೆ ಅದು ಭುಜದ ಮೇಲೆ ಸೆಟೆದು ನಿಂತುಕೊಂಡಿತು.

ಅದಾದ ನಾಲ್ಕನೇ ದಿನ ಮಧ್ಯಾಹ್ನ ಅವರಿಗೆ ಉಸಿರು ಕಷ್ಟವಾಯಿತು. ಡಾಕ್ಟರು ಬಂದರು, ಹೋದರು. ನಾನು ಕೈ ಹಿಡಿದುಕೊಂಡು ಕೂತಿದ್ದೆ. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, "ಬಾಗಿಲು ಹಾಕಿದೀಯಾ?" ಎಂದು ಕೇಳಿದರು.

"ಹಾಕಿದೀನಿ" ಅಂದೆ.

ಹಾಕಿರಲಿಲ್ಲ. ಆ ವಾರ್ಡಿಗೆ ಮೊದಲಿನಿಂದಲೂ ಬಾಗಿಲೇ ಇರಲಿಲ್ಲ. ಅವರಿಗೆ ನಾನು ಹೇಳಿದ ಸುಳ್ಳು ಅದೊಂದೇ. ಕೇಳಿ ಸಮಾಧಾನದಿಂದ ಕಣ್ಣು ಮುಚ್ಚಿದರು.

ಎತ್ತರ ಐದಡಿ ಎಂಟಿಂಚು

ಅಲ್ಲಿಯ ಕಾರ್ಖಾನೆಯವರೇ ದಹನಕ್ಕೆ ಏರ್ಪಾಡು ಮಾಡಿದರು. ಅಸ್ಥಿಯನ್ನು ತಗಡಿನ ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಅದನ್ನು ನನ್ನ ರೇಷ್ಮೆ ಸೀರೆಯಲ್ಲಿ ಸುತ್ತಿ ಒಂದು ಕೈಚೀಲದಲ್ಲಿಟ್ಟೆ. ರೈಲು ಹತ್ತಿಸಲು ಬಂದಿದ್ದ ಗಾಡಿಯ ಮುದುಕರು ಬಿಸಿ ಕಾಯಿಯ ಪೊಟ್ಟಣ ಕೊಟ್ಟು ಮುಖ ಆ ಕಡೆ ತಿರುಗಿಸಿಕೊಂಡರು.

ಜಿನೋವಾ ಸ್ಟೇಷನ್ನಿನಲ್ಲಿ ನಾನು ಆ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ನಿಂತಿದ್ದೆ. ಹಾಗೆ ಹಿಡಿದವಳನ್ನು ನೋಡಿದರೆ ಒಳಗೆ ವಜ್ರವಿದೆ ಎಂದು ಯಾರಿಗಾದರೂ ಅನ್ನಿಸಬೇಕು. ಕೂಲಿಯವನ ಟೋಪಿ ಹಾಕಿದ್ದ ಒಬ್ಬ ಬಂದು, ನನ್ನ ಭುಜದ ಕಡೆ ಬೆರಳು ಮಾಡಿ ಅಯ್ಯೋ ಪಾಪ ಎನ್ನುವ ಮುಖ ಮಾಡಿದ. ಸೆರಗಿನ ಮೇಲೆ ಹಕ್ಕಿಯ ಹಿಕ್ಕೆಯಂಥದ್ದೇನೋ ಚೆಲ್ಲಿತ್ತು. ತಾನೇ ಬಟ್ಟೆ ಕೊಟ್ಟ. ಒರೆಸಿಕೊಳ್ಳಲು ಚೀಲ ಕೆಳಗಿಟ್ಟೆ. ತಲೆ ಎತ್ತಿದರೆ ಅವನೂ ಇಲ್ಲ, ಚೀಲವೂ ಇಲ್ಲ.

ಕಿರುಚಿದೆ. ಪೊಲೀಸರ ಕೋಣೆಗೆ ಕರೆದೊಯ್ದರು. ಹಡಗಿನ ಆಫೀಸಿನಿಂದ ಇಂಗ್ಲಿಷ್ ಬರುವ ಗುಮಾಸ್ತರೊಬ್ಬರನ್ನು ಕರೆಸಿದರು. ಅವರ ಇಂಗ್ಲಿಷು ಅಷ್ಟಕ್ಕಷ್ಟೆ, ನನ್ನದು ಮಿಡ್ಲ್‌ ಸ್ಕೂಲಿನದು.

"ಚೀಲದಲ್ಲಿ ಏನಿತ್ತು?"

"ನನ್ನ ಗಂಡ."

"ಚೀಲ ತಗೊಂಡು ಹೋದದ್ದು ನಿಮ್ಮ ಗಂಡನೇ?"

"ಅಲ್ಲ. ಚೀಲ ನನ್ನ ಗಂಡನ್ನ ತಗೊಂಡು ಹೋಯ್ತು."

ಪೊಲೀಸ್ ಅಧಿಕಾರಿ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟು ಗುಮಾಸ್ತರ ಮುಖ ನೋಡಿದರು. "ಗಂಡ ಈಗ ಎಲ್ಲಿದ್ದಾರೆ?"

"ಅದನ್ನೇ ನಾನು ನಿಮ್ಮನ್ನ ಕೇಳ್ತಾ ಇರೋದು!"

ಅಧಿಕಾರಿ ತಾಳ್ಮೆಯಿಂದ ಹೊಸ ಕಾಗದ ತೆಗೆದುಕೊಂಡರು. ಕಾಣೆಯಾದವರ ವಿವರ. "ಎತ್ತರ?"

"ಐದಡಿ ಎಂಟಿಂಚು" ಅಂದೆ. ಕೇಳಿದರಲ್ಲ, ನಿಜ ಹೇಳಿದೆ.

"ಚೀಲ ಎಷ್ಟು ದೊಡ್ಡದು?"

ನಾನು ಕೈಯಲ್ಲಿ ತೋರಿಸಿದೆ. ಒಂದಡಿಯೂ ಇಲ್ಲ. ತೋರಿಸುತ್ತಾ ತೋರಿಸುತ್ತಾ, ಅಷ್ಟು ಎತ್ತರದ ಮನುಷ್ಯ ಇಷ್ಟಾದರಲ್ಲ ಎಂದು ಆಗ ನನಗೆ ತಟ್ಟಿತು. ಆಸ್ಪತ್ರೆಯಲ್ಲಿ ಬಾರದ ಅಳು ಅಲ್ಲಿ ಬಂತು. ಗುಮಾಸ್ತರಿಗೆ ಅರ್ಥವಾಯಿತು. ತಲೆಯ ಮೇಲಿನ ಟೋಪಿ ತೆಗೆದು, ಮೆಲ್ಲಗೆ ಅಧಿಕಾರಿಗೆ ಏನೋ ಹೇಳಿದರು. ಅಧಿಕಾರಿ ಎದ್ದು ನಿಂತು ತಮ್ಮ ಟೋಪಿಯನ್ನೂ ತೆಗೆದರು.

ಎರಡು ಗಂಟೆ ಕಳೆದಿರಬೇಕು. ಪಕ್ಕದ ಚರ್ಚಿನ ಪಾದ್ರಿ ನನ್ನ ಚೀಲ ಹಿಡಿದು ಬಂದರು. ಕಳ್ಳ ಬಿಚ್ಚಿ ನೋಡಿದನಂತೆ. ನೋಡಿ, ನೇರ ಚರ್ಚಿಗೆ ಓಡಿ, ಡಬ್ಬಿಯನ್ನು ಮೇರಿಯಮ್ಮನ ಮುಂದಿಟ್ಟು, ಮೇಣದ ಬತ್ತಿ ಹಚ್ಚಿ, ಪಾದ್ರಿಯ ಕಾಲಿಗೆ ಬಿದ್ದು ಅತ್ತನಂತೆ. ಸೀರೆಯನ್ನು ಮತ್ತೆ ಸುತ್ತಿದ್ದ. ಸುತ್ತಲು ಬಾರದೆ ಗಂಟು ಹಾಕಿದ್ದ.

"ಸತ್ತವರಿಗಾಗಿ ಪ್ರಾರ್ಥನೆ ಮಾಡಿಸ್ತಾನಂತೆ. ಹೆಸರು ಕೇಳ್ತಿದ್ದಾನೆ" ಎಂದರು ಪಾದ್ರಿ, ಗುಮಾಸ್ತರ ಮೂಲಕ.

ಮದುವೆಯಾದಾಗಿನಿಂದ ನಾನು ಅವರ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಆಸ್ಪತ್ರೆಯಲ್ಲಿಯೂ ಕಾಗದ ತೋರಿಸಿ ಸುಮ್ಮನಾಗಿದ್ದೆ. ಈಗ ಕಾಗದ ಹುಡುಕಲು ಕೈ ಬರಲಿಲ್ಲ.

"ವೆಂಕಟೇಶ" ಅಂದೆ.

"ವಿಂಚೆನ್ಸೊ?" ಎಂದರು ಪಾದ್ರಿ.

"ವೆಂಕಟೇಶ."

"ಸರಿ, ಸರಿ. ವಿಂಚೆನ್ಸೊ." ಬರೆದುಕೊಂಡರು.

ಇನ್ನೊಂದು ಸಲ ಹೇಳಲು ನನ್ನಿಂದ ಆಗಲಿಲ್ಲ. "ಹೂಂ, ಅವರೇ" ಅಂದೆ.

ಕೊನೆಯ ಎಲೆ

ಜಯನಗರದ ಮನೆಯಲ್ಲಿ ಇದನ್ನೆಲ್ಲ ಅತ್ತೆಗೆ ಹೇಳುವಾಗ ಬಸವನಗುಡಿಯಿಂದ ಬಂದಿದ್ದ ಅವರ ತಮ್ಮ, ಅಂದರೆ ನಮ್ಮನೆಯವರ ಸೋದರಮಾವ, ಅಲ್ಲೇ ಕೂತಿದ್ದರು. ಮಡಿ ಎಂದರೆ ಪ್ರಾಣ ಬಿಡುವವರು.

"ಅಕ್ಕಯ್ಯಾ, ಅಸ್ಥಿ ಕಳ್ಳನ ಕೈಗೆ ಹೋಗಿ, ಚರ್ಚಿಗೂ ಹೋಗಿ ಬಂದಿದೆ. ಹಾಗೇ ನದಿಗೆ ಬಿಡೋಕಾಗಲ್ಲ. ಏನಾದ್ರೂ ಶುದ್ಧಿ ಮಾಡಿಸ್ಬೇಕು."

ಅತ್ತೆ ನನ್ನ ಕಡೆ ತಿರುಗಿ ಕೇಳಿದರು: "ದೀಪ ಹಚ್ಚಿದ್ನಾ ಅವನು?"

"ಹಚ್ಚಿದ್ನಂತೆ ಅಮ್ಮ."

"ಎಣ್ಣೇದಾ?"

"ಮೇಣದ ಬತ್ತಿ."

"ಪಾಪ, ಅವನ ಹತ್ರ ಇದ್ದದ್ದು ಅದೇ." "ಮಗ ಹೋದಾಗ ನಾನು ಹತ್ರ ಇರಲಿಲ್ಲ. ಯಾರೋ ಒಬ್ಬ ದೀಪ ಹಚ್ಚಿದ. ಸಮಾರಾಧನೆ ದಿನ ಅವನಿಗೂ ಒಂದು ಎಲೆ ಹಾಕು."

ಸೋದರಮಾವ ಸಿಟ್ಟಿನಿಂದ ಎದ್ದು ಹೋದರು. ಹೊಸಕೆರೆಹಳ್ಳಿಯ ನೆಂಟರೊಬ್ಬರನ್ನು ಕರೆದುಕೊಂಡು ನಾದಿನಿಯ ಗಂಡ ಶ್ರೀರಂಗಪಟ್ಟಣಕ್ಕೆ ಹೋಗಿ ಅಸ್ಥಿ ಬಿಟ್ಟು ಬಂದರು.

ಸಮಾರಾಧನೆಯ ದಿನ ಪಂಕ್ತಿಯ ಕೊನೆಯಲ್ಲಿ ಒಂದು ಎಲೆ ಹೆಚ್ಚಿಗೆ ಹಾಕಿದೆ. ಎಲ್ಲರೂ ಕೂತರು. ಕಳ್ಳನ ಆ ಎಲೆಯ ಮುಂದೆ ಯಾರೂ ಇರಲಿಲ್ಲ. ಉಪ್ಪು, ಕೋಸಂಬರಿ ಬಡಿಸಿ ಆಗಿತ್ತು. ಆಗ ಬಾಗಿಲಲ್ಲಿ ಸೋದರಮಾವ. ಅಕ್ಕನ ಮೇಲೆ ಎಷ್ಟು ದಿನ ಸಿಟ್ಟು ಮಾಡಲಾದೀತು, ಬಂದಿದ್ದರು. ಬೆವರು ಒರೆಸಿಕೊಳ್ಳುತ್ತಾ ಅತ್ತ ಇತ್ತ ನೋಡಿ, ಖಾಲಿ ಇದ್ದ ಕೊನೆಯ ಎಲೆಯ ಮುಂದೆ ಕೂತು ಎಲೆಯ ಸುತ್ತ ನೀರು ಬಿಟ್ಟು ಪರಿಷೇಚನೆ ಮಾಡಿಯೇಬಿಟ್ಟರು.

ನನ್ನ ಕೈಯ ಸೌಟು ನಿಂತಿತು. ಅತ್ತೆಯ ಕಡೆ ನೋಡಿದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರು, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು. ಆಮೇಲೆ ತಾವೇ ನಡೆದು ಬಂದು ಆ ಎಲೆಯ ಮುಂದೆ ನಿಂತರು.

"ನಿಧಾನವಾಗಿ ಊಟ ಮಾಡಪ್ಪಾ. ನಾಚಿಕೋಬೇಡ. ಆದದ್ದು ಆಗಿ ಹೋಯ್ತು, ನಮಗೇನೂ ಬೇಜಾರಿಲ್ಲ."

ಸೋದರಮಾವ ಎಲೆಯಿಂದ ಕೈ ತೆಗೆದರು. "ಇಲ್ಲ ಅಕ್ಕಯ್ಯಾ, ನಂದೇ ತಪ್ಪು" ಎಂದರು.

"ತಪ್ಪು ಒಪ್ಪಿಕೊಂಡ್ಯಲ್ಲ, ಅಷ್ಟು ಸಾಕು. ಇವನಿಗೆ ಎರಡು ಒಬ್ಬಟ್ಟು ಜಾಸ್ತಿ ಹಾಕಮ್ಮಾ. ಪಾಪ, ಎಷ್ಟು ದೂರದಿಂದ ಬಂದಿದಾನೆ."

"ಏನು ದೂರ ಅಕ್ಕಯ್ಯಾ," ಎಂದರು ಸೋದರಮಾವ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಬಸವನಗುಡಿ ತಾನೆ?"

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದರು. ನಾನೂ ಹಿಂದೆಯೇ ಹೋದೆ. ಒಲೆಯ ಪಕ್ಕ ಗೋಡೆಗೆ ಒರಗಿ ಇಬ್ಬರೂ ನಕ್ಕೆವು. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನನ್ನ ಕಣ್ಣಲ್ಲೂ. ಎಲ್ಲಿಯವರೆಗೆ ನಗು, ಎಲ್ಲಿಂದ ಅಳು ಎಂದು ಇಬ್ಬರಿಗೂ ತಿಳಿಯಲಿಲ್ಲ. ಆಚೆಯಿಂದ ಸೋದರಮಾವ ಕೂಗುತ್ತಲೇ ಇದ್ದರು: "ಇನ್ನೊಂದೇ ಒಂದು ಒಬ್ಬಟ್ಟು ತನ್ನಿ, ಇವತ್ತು ನಂಗೆ ಯಾಕೋ ಬಹಳ ಉಪಚಾರ ನಡೀತಿದೆ!"